ತೀನ್ ಮೂರ್ತಿಯಲ್ಲಿ ನಮ್ಮದೊಂದು ಮೂರ್ತಿ: ಹೈಫಾ ಮತ್ತು ಹರಿತಾನ್

(ದೆಹಲಿಯಲ್ಲಿ ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಪ್ಪತ್ತನೆಯ ಶತಮಾನದ ಯುದ್ಧಗಳನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಸೈನಿಕನಲ್ಲ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅನಂತರ ಕೇಂದ್ರ ಸರ್ಕಾರದ ಕಡತಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನು. ಆದುದರಿಂದ ರಣತಂತ್ರದ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಯೋಗ್ಯತೆ ನನಗಿಲ್ಲ. ಆದರೆ ಕಡತಗಳೊಡನೆ ಬದುಕಿದವನಿಗೆ ಒಂದು ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. ಯಾವುದು ದಾಖಲಾಯಿತು, ಯಾವುದು ಬಿಟ್ಟುಹೋಯಿತು ಎಂದು ನೋಡುವ ಅಭ್ಯಾಸ ಅದು. ಈ ಸಂಜೆಯ ನನ್ನ ಮಾತು ಅಂಥ ಒಂದು ದಾಖಲೆ ಮತ್ತು ಅಂಥ ಒಂದು ಬಿಟ್ಟುಹೋದ ಪುಟಕ್ಕೆ ಸಂಬಂಧಿಸಿದ್ದು.

ದೆಹಲಿಯಲ್ಲಿ ನೆಲೆಸಿರುವ ನಾವೆಲ್ಲರೂ ತೀನ್ ಮೂರ್ತಿ ವೃತ್ತವನ್ನು ಬಲ್ಲೆವು. ನೆಹರೂ ಅವರು ವಾಸವಾಗಿದ್ದ ಭವನಕ್ಕೆ ಆ ಹೆಸರು ಬಂದದ್ದು ಅದರ ಎದುರಿಗಿರುವ ಮೂರು ಕಂಚಿನ ಸೈನಿಕರಿಂದ. ಲೆನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ಅವುಗಳನ್ನು ರೂಪಿಸಿದ. 2018ರ ಜನವರಿಯಿಂದ ಆ ಸ್ಥಳಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಾಗಿದೆ. ಮೂವರಲ್ಲಿ ಒಬ್ಬ ಹೈದರಾಬಾದಿನವನು, ಒಬ್ಬ ಜೋಧಪುರದವನು, ಮತ್ತೊಬ್ಬ ಮೈಸೂರಿನವನು. ಮೈಸೂರಿನವನು ಒಬ್ಬನಿದ್ದಾನೆಂಬ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಗೊತ್ತಿರುವವರಲ್ಲಿಯೂ ಆತ ಏನು ಮಾಡಿದನೆಂಬುದು ಎಷ್ಟು ಮಂದಿಗೆ ಗೊತ್ತು? ಈ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಅಭಿಮಾನಕ್ಕೆ ಹೆಸರು ಸಾಕು. ಗೌರವಕ್ಕೆ ತಿಳಿವಳಿಕೆ ಬೇಕು.

ಮೈಸೂರು ಲ್ಯಾನ್ಸರ್ಸ್

ಬ್ರಿಟಿಷರ ಕಾಲದಲ್ಲಿ ದೇಶೀಯ ಸಂಸ್ಥಾನಗಳು ಸಾಮ್ರಾಜ್ಯದ ಸೇವೆಗೆಂದು ತಮ್ಮ ಖರ್ಚಿನಲ್ಲಿ ಕೆಲವು ಪಡೆಗಳನ್ನು ಸಾಕುತ್ತಿದ್ದವು. ಇವಕ್ಕೆ ಇಂಪೀರಿಯಲ್ ಸರ್ವಿಸ್ ಪಡೆಗಳೆಂದು ಹೆಸರು. ಮೈಸೂರು ಸಂಸ್ಥಾನ ಇದಕ್ಕಾಗಿ ಭರ್ಜಿಗಾರ ಕುದುರೆ ಸವಾರರ ಒಂದು ರೆಜಿಮೆಂಟನ್ನು ಇಟ್ಟಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಮಹಾರಾಜರು ಯುದ್ಧವೆಚ್ಚಕ್ಕೆಂದು 50 ಲಕ್ಷ ರೂಪಾಯಿಗಳನ್ನು ಕೊಟ್ಟರು; ಜೊತೆಗೆ ಲ್ಯಾನ್ಸರ್ಸ್ ರೆಜಿಮೆಂಟನ್ನು ಈಜಿಪ್ಟಿಗೆ ಕಳುಹಿಸಿದರು. ಮೊದಲು ಸೂಯೆಜ್ ಕಾಲುವೆಯ ಕಾವಲು, ಅನಂತರ ಸಿನಾಯ್ ಮರಳುಗಾಡು, ಅನಂತರ ಪ್ಯಾಲೆಸ್ತೀನ್, ಕೊನೆಗೆ ಸಿರಿಯಾ. ಹೀಗೆ ನಾಲ್ಕು ವರ್ಷಗಳ ಕಾಲ ಅವರು ಊರಿನಿಂದ ದೂರವಿದ್ದರು.

ಆ ರೆಜಿಮೆಂಟಿನಲ್ಲಿದ್ದವರು ಯಾರು? ಅರಸು ಮನೆತನದವರಿದ್ದರು, ಮರಾಠರಿದ್ದರು, ಮುಸಲ್ಮಾನರಿದ್ದರು. ಎಲ್ಲರ ಮನೆಮಾತೂ ಕನ್ನಡವಾಗಿರಲಿಲ್ಲ. ಆದರೂ ಹೊರಗಿನ ಜಗತ್ತಿಗೆ ಅವರೆಲ್ಲರೂ ಮೈಸೂರಿನವರೇ. ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಎಂದು ಬದುಕುತ್ತಿರುವ ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಒಂದು ನೆಲದ ಹೆಸರನ್ನು ಹೊತ್ತು ಹೋದವರು ಆ ನೆಲದವರೇ ಆಗುತ್ತಾರೆ.

ಇನ್ನು ಅವರ ಆಯುಧದ ವಿಚಾರ. ಭಾರತೀಯ ಅಶ್ವದಳಗಳ ಭರ್ಜಿಯ ಕೋಲು ಬಿದಿರಿನದು. ತುದಿಗೆ ಉಕ್ಕಿನ ಮೊನೆ. ಬಿದಿರು ಹಗುರ, ಬಾಗಿದರೂ ಬೇಗ ಮುರಿಯದು. ಭರ್ಜಿಯ ಜೊತೆಗೆ ಪ್ರತಿಯೊಬ್ಬ ಸವಾರನ ಬಳಿ ಬಂದೂಕವೂ ಇರುತ್ತಿತ್ತು. ಬಹಳಷ್ಟು ಸಲ ಅವನು ಕುದುರೆಯಿಂದಿಳಿದು, ಕುದುರೆಗಳನ್ನು ಹಿಂದೆ ಸಂಗಡಿಗನ ಕೈಗೊಪ್ಪಿಸಿ, ಪದಾತಿಯಂತೆ ನೆಲಕ್ಕೆ ಒರಗಿ ಗುಂಡು ಹಾರಿಸಬೇಕಾಗುತ್ತಿತ್ತು. ಆಗ ಭರ್ಜಿ ಬರಿಯ ಹೊರೆ. ಫ್ರಾನ್ಸಿನ ಕಂದಕಗಳಲ್ಲಿ ಅಶ್ವದಳಕ್ಕೆ ಕೆಲಸವೇ ಇಲ್ಲವಾಗಿತ್ತು. ಮುಳ್ಳುತಂತಿ ಮತ್ತು ಮೆಷಿನ್ ಗನ್‌ಗಳ ಎದುರಿನಲ್ಲಿ ಕುದುರೆ ದೊಡ್ಡ ಗುರಿಯೇ ಹೊರತು ಮತ್ತೇನೂ ಅಲ್ಲ. ಪ್ಯಾಲೆಸ್ತೀನಿನಲ್ಲಿ ಪರಿಸ್ಥಿತಿ ಬೇರೆ. ವಿಸ್ತಾರವಾದ ಬಯಲು, ವಿರಳವಾದ ಸೈನ್ಯ. ಅಲ್ಲಿ ವೇಗಕ್ಕೆ ಬೆಲೆಯಿತ್ತು.

ಹೈಫಾ: 23 ಸೆಪ್ಟೆಂಬರ್ 1918

1918ರ ಸೆಪ್ಟೆಂಬರ್ 19ರಂದು ಜನರಲ್ ಅಲೆನ್‌ಬಿಯ ಸೈನ್ಯ ಮೆಗಿಡ್ಡೋ ಸಮರವನ್ನು ಆರಂಭಿಸಿತು. ಕರಾವಳಿಯ ಬಯಲಿನಲ್ಲಿ ಪದಾತಿದಳ ತುರ್ಕರ ಸಾಲನ್ನು ಒಡೆಯಿತು. ಒಡೆದ ಬಾಗಿಲಿನಿಂದ ಅಶ್ವದಳಗಳು ಒಳನುಗ್ಗಿದವು. ಮರುದಿನ ಬೆಳಗ್ಗೆಯೇ ಅವು ನಜರೇತ್ ಊರನ್ನು ತಲುಪಿದವು. ಅಲ್ಲಿ ಶಿಬಿರ ಹೂಡಿದ್ದ ಶತ್ರುಪಕ್ಷದ ಮಹಾದಂಡನಾಯಕ, ಜರ್ಮನಿಯ ಲಿಮಾನ್ ಫಾನ್ ಸ್ಯಾಂಡರ್ಸ್, ಸ್ವಲ್ಪದರಲ್ಲಿ ತಪ್ಪಿಸಿಕೊಂಡ. ಇನ್ನು ಉತ್ತರಕ್ಕೆ ಮುಂದುವರಿಯಬೇಕಾದರೆ ಸೈನ್ಯಕ್ಕೆ ಆಹಾರ, ಮದ್ದುಗುಂಡು ಸಮುದ್ರದ ಮೂಲಕ ಬರಬೇಕು. ಅದಕ್ಕೆ ಬಂದರು ಬೇಕು. ಆ ಬಂದರೇ ಹೈಫಾ.

ತುರ್ಕರು ಹೈಫಾವನ್ನು ಬಿಟ್ಟುಹೋಗಿದ್ದಾರೆಂದು ವಿಮಾನದವರು ವರದಿ ತಂದರು. ಅದನ್ನು ನಂಬಿ 22ರಂದು ಕವಚದ ಮೋಟಾರುಗಳಲ್ಲಿ ಹೊರಟ ತುಕಡಿಯನ್ನು ಫಿರಂಗಿಗಳು ಸ್ವಾಗತಿಸಿದವು. ವರದಿ ಸುಳ್ಳೆಂಬುದು ಹೀಗೆ ತಿಳಿಯಿತು. ಮರುದಿನದ ಕೆಲಸ ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್‌ನ ಅಧೀನದಲ್ಲಿದ್ದ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿಗೆ ಬಂದಿತು.

ಸ್ಥಳವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಿ. ಊರಿಗೆ ಹೋಗುವ ದಾರಿಯ ಎಡಗಡೆ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು. ಬಲಗಡೆ ಕಿಶೋನ್ ಹೊಳೆ ಮತ್ತು ಅದರ ಜೌಗು. ನಡುವೆ ಇಕ್ಕಟ್ಟಾದ ಹಾದಿ. ಬೆಟ್ಟದ ಮೇಲೆ ಫಿರಂಗಿಗಳು, ಇಳಿಜಾರಿನಲ್ಲಿ ಮೆಷಿನ್ ಗನ್‌ಗಳು. ನೇರವಾಗಿ ಹೋದರೆ ಸಾವಿನ ಬಾಯಿಗೆ ಹೋದಂತೆ. ಬೆಳಗ್ಗೆ 10 ಗಂಟೆಯ ಹೊತ್ತಿಗೆ ಬ್ರಿಗೇಡು ಫಿರಂಗಿಗಳ ಗುರಿಯೊಳಕ್ಕೆ ಬಂದಿತ್ತು.

ಹಾರ್ಬರ್ಡ್ ಕೆಲಸವನ್ನು ಹಂಚಿದ. ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟವನ್ನು ಹಿಂಬದಿಯಿಂದ ಹತ್ತಿ, ಮೇಲಿರುವ ಫಿರಂಗಿಗಳನ್ನು ಹಿಡಿಯಬೇಕು. ಉಳಿದ ಮೈಸೂರು ಸವಾರರು ಕುದುರೆಯಿಂದಿಳಿದು ಕೆಳಗಿನ ಮೆಷಿನ್ ಗನ್‌ಗಳ ಮೇಲೆ ಗುಂಡಿನ ಮಳೆಗರೆದು, ಶತ್ರು ತಲೆಯೆತ್ತದಂತೆ ನೋಡಿಕೊಳ್ಳಬೇಕು. ಬ್ರಿಗೇಡಿಗೆ ಸೇರಿದ ತೋಪಿನ ಬ್ಯಾಟರಿ ಅದಕ್ಕೆ ದನಿಗೂಡಿಸಬೇಕು. ಇಷ್ಟಾದ ಮೇಲೆ ಜೋಧಪುರದವರು ಕುದುರೆಯೇರಿ ಊರಿನೊಳಕ್ಕೆ ನುಗ್ಗಬೇಕು.

ಬೆಟ್ಟ ಹತ್ತಿದವರ ಪಾಡು ಸುಲಭದ್ದಾಗಿರಲಿಲ್ಲ. ಮೂರು ನಾಲ್ಕು ದಿನಗಳಿಂದ ಸತತವಾಗಿ ನಡೆದು ಬಸವಳಿದ ಕುದುರೆಗಳು, ಕಲ್ಲುಬಂಡೆಗಳ ದಾರಿ. ಅವರ ಸಹಾಯಕ್ಕೆ ಶೆರ್ವುಡ್ ರೇಂಜರ್ಸ್ ಎಂಬ ಇಂಗ್ಲಿಷ್ ರೆಜಿಮೆಂಟಿನ ಒಂದು ಸ್ಕ್ವಾಡ್ರನ್ನನ್ನು ಅನಂತರ ಕಳುಹಿಸಲಾಯಿತು. ಮೇಲೆ ತಲುಪುವ ವೇಳೆಗೆ ಕುದುರೆಯ ಮೇಲೆ ಉಳಿದವರ ಸಂಖ್ಯೆ ತೀರ ಕಡಿಮೆಯಾಗಿದ್ದರೂ, ಅವರು ಫಿರಂಗಿಗಳ ಮೇಲೆ ಎರಗಿ ಅವನ್ನು ವಶಪಡಿಸಿಕೊಂಡರು.

ಮಧ್ಯಾಹ್ನ 2 ಗಂಟೆಗೆ ಜೋಧಪುರದವರು ಹೊರಟರು. ಮುಂದೆ ಹೋದ ಬೇಹಿನವರ ಕುದುರೆಗಳು ಹೊಳೆಯ ದಡದ ಹುದುಲು ಮರಳಿನಲ್ಲಿ ಮುಳುಗಿಹೋದವು. ಹೊಳೆ ದಾಟುವುದು ಅಸಾಧ್ಯವೆಂದು ಕಂಡಾಗ, ಗುಂಡಿನ ಮಳೆಯ ನಡುವೆಯೇ ಅವರು ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಷಿನ್ ಗನ್‌ಗಳ ಮೇಲೆ ನುಗ್ಗಿ, ಇಕ್ಕಟ್ಟಿನ ಹಾದಿಯನ್ನು ತೆರೆದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಶೇಖಾವತ್ ಆ ದಾಳಿಯಲ್ಲಿ ಹತರಾದರು. ದಾರಿ ತೆರೆದೊಡನೆ ನೆಲದ ಮೇಲೆ ಮಲಗಿ ಗುಂಡು ಹಾರಿಸುತ್ತಿದ್ದ ಮೈಸೂರಿನವರು ಕುದುರೆಯೇರಿ ಅವರನ್ನು ಹಿಂಬಾಲಿಸಿದರು. ಸುಮಾರು ಒಂದು ಗಂಟೆಯೊಳಗೆ ಹೈಫಾ ಕೈಸೇರಿತು. ಸೆರೆಸಿಕ್ಕವರು 1,350 ಮಂದಿ, ಫಿರಂಗಿಗಳು 17, ಮೆಷಿನ್ ಗನ್‌ಗಳು 11. ಇತ್ತ ಕಡೆ ಸತ್ತವರ ಸಂಖ್ಯೆ ಹತ್ತನ್ನು ಮುಟ್ಟಲಿಲ್ಲ; ಗಾಯಗೊಂಡವರು 34. ಆದರೆ ಸುಮಾರು 60 ಕುದುರೆಗಳು ಸತ್ತವು, 83 ಗಾಯಗೊಂಡವು. ಮನುಷ್ಯರಿಗೆ ಬರಬೇಕಾಗಿದ್ದ ಗುಂಡುಗಳು ಯಾರಿಗೆ ತಗುಲಿದವೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಆಗ ಹೈಫಾದಲ್ಲಿ ಬಹಾಯಿ ಧರ್ಮದ ಗುರು ಅಬ್ದುಲ್ ಬಹಾ ಅವರು ವಾಸವಾಗಿದ್ದರು. ತುರ್ಕಿ ಸೇನಾನಿಗಳಿಂದ ಅವರ ಪ್ರಾಣಕ್ಕೆ ಅಪಾಯವಿತ್ತೆಂದೂ ಈ ವಿಜಯದಿಂದ ಅದು ತಪ್ಪಿತೆಂದೂ ಆ ಧರ್ಮೀಯರು ಇಂದಿಗೂ ನೆನೆಯುತ್ತಾರೆ. ದೆಹಲಿಯ ಕಮಲ ಮಂದಿರಕ್ಕೆ ನೆಂಟರಿಷ್ಟರನ್ನು ಕರೆದೊಯ್ಯುವ ನಾವು ಇದನ್ನೂ ಅವರಿಗೆ ಹೇಳಬಹುದು.

ಮೂರು ದಂತಕಥೆಗಳು

ಹೈಫಾ ವಿಷಯದಲ್ಲಿ ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಮೂರು ಮಾತುಗಳು ಪದೇ ಪದೇ ಬರುತ್ತವೆ. ಅವನ್ನು ಸ್ವಲ್ಪ ಪರಿಶೀಲಿಸಬೇಕು.

ಮೊದಲನೆಯದು, ಇದು ಜಗತ್ತಿನ ಇತಿಹಾಸದ ಕೊನೆಯ ಅಶ್ವದಾಳಿ ಎಂಬುದು. ಹಾಗಲ್ಲ. 1939ರ ಸೆಪ್ಟೆಂಬರ್ 1ರಂದು ಕ್ರೊಯಾಂಟಿ ಎಂಬಲ್ಲಿ ಪೋಲೆಂಡಿನ ಸವಾರರು ಜರ್ಮನಿಯ ಪದಾತಿಗಳ ಮೇಲೆ ನುಗ್ಗಿದರು. ಅವರು ಟ್ಯಾಂಕುಗಳ ಮೇಲೆ ಭರ್ಜಿ ಹಿಡಿದು ಹೋದರೆಂಬುದು ಅನಂತರ ಹಬ್ಬಿದ ಕಟ್ಟುಕಥೆ. 1942ರ ಮಾರ್ಚಿಯಲ್ಲಿ ಬರ್ಮಾದ ಟೌಂಗೂ ಬಳಿ ಕ್ಯಾಪ್ಟನ್ ಸ್ಯಾಂಡೆಮನ್ ಎಂಬಾತ ತನ್ನ ಸವಾರರೊಡನೆ ಜಪಾನೀಯರ ಮೇಲೆ ನುಗ್ಗಿ ಮಡಿದ. ಅದೇ ವರ್ಷದ ಆಗಸ್ಟಿನಲ್ಲಿ ರಷ್ಯದ ಇಜ್ಬುಷೆನ್ಸ್ಕಿಯಲ್ಲಿ ಇಟಲಿಯ ಅಶ್ವದಳ ದಾಳಿ ನಡೆಸಿತು. ಅಷ್ಟೇಕೆ, ನಮ್ಮ ಮೈಸೂರು ಲ್ಯಾನ್ಸರ್ಸ್‌ಗೇ ಹೈಫಾ ಕೊನೆಯ ದಾಳಿಯಾಗಿರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಎರಡನೆಯದು, ಮೂರು ರೆಜಿಮೆಂಟುಗಳೂ ಕೂಡಿ ಹೈಫಾವನ್ನು ಗೆದ್ದವೆಂಬುದು. ಆ ದಿನ ಹೈದರಾಬಾದ್ ಲ್ಯಾನ್ಸರ್ಸ್ ದಾಳಿಯಲ್ಲಿರಲಿಲ್ಲ. ಬೇರೆ ಕರ್ತವ್ಯದ ಮೇಲೆ ಹಿಂದೆ ಉಳಿದಿತ್ತು. ಹಾಗೆಂದು ಮೂರನೆಯ ಮೂರ್ತಿ ಅಲ್ಲಿರುವುದು ಅನುಚಿತವೇ? ಖಂಡಿತ ಅಲ್ಲ. ತೀನ್ ಮೂರ್ತಿ ಹೈಫಾ ಒಂದರದೇ ಸ್ಮಾರಕವಲ್ಲ. ಯುದ್ಧಕಾಲದುದ್ದಕ್ಕೂ ಮಡಿದ ಇಡೀ ಬ್ರಿಗೇಡಿನವರ ಸ್ಮಾರಕ. ಕೈದಿಗಳನ್ನು ಕಾಯುವುದು, ದಾರಿಯನ್ನು ಕಾಯುವುದು ಇವೂ ಯುದ್ಧದ ಕೆಲಸಗಳೇ.

ಮೂರನೆಯದು, ಬರಿಯ ಭರ್ಜಿ ಖಡ್ಗಗಳು ಫಿರಂಗಿ ಮೆಷಿನ್ ಗನ್‌ಗಳನ್ನು ಸೋಲಿಸಿದವೆಂಬುದು. ಕೇಳಲು ಇದು ಬಹಳ ಚೆನ್ನಾಗಿದೆ. ಆದರೆ ಈ ಮಾತು ಸವಾರರ ಬುದ್ಧಿಗೆ ಅನ್ಯಾಯ ಮಾಡುತ್ತದೆ. ಬೆಟ್ಟದ ಫಿರಂಗಿಗಳ ಮೇಲೆ ಎರಗಿದವರಿದ್ದರು. ಕೆಳಗಿನಿಂದ ಮೆಷಿನ್ ಗನ್ನು, ಬಂದೂಕ, ತೋಪುಗಳಿಂದ ಶತ್ರುವನ್ನು ಅದುಮಿ ಹಿಡಿದವರಿದ್ದರು. ಜೋಧಪುರದವರ ಅಸಾಧಾರಣ ಧೈರ್ಯ ಸಫಲವಾದದ್ದು ಅದರ ಬೆನ್ನಿಗೆ ಈ ಸಿದ್ಧತೆಯಿದ್ದುದರಿಂದ. ಮೈಸೂರಿನವರ ಪಾಲು ಇಲ್ಲಿಯೇ ಇದೆ. ಚಿತ್ರ ಬರೆಯುವವರ ಕಣ್ಣಿಗೆ ಬೀಳುವಂಥ ಪಾಲು ಅದಲ್ಲ. ನೆಲಕ್ಕೊರಗಿ ಗುಂಡು ಹಾರಿಸುವವನ ಪ್ರತಿಮೆಯನ್ನು ಯಾರೂ ಮಾಡಿಸುವುದಿಲ್ಲ. ಆದರೆ ಅವನಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಒಂದೇ ತಿಂಗಳಲ್ಲಿ ದೊರೆಯಿತು.

ಹರಿತಾನ್: 26 ಅಕ್ಟೋಬರ್ 1918

ಹೈಫಾದ ಅನಂತರ 5ನೆಯ ಅಶ್ವದಳ ಡಿವಿಷನ್ ಉತ್ತರಕ್ಕೆ ಓಡಿತು. ದಮಸ್ಕಸ್, ಹೋಮ್ಸ್, ಹಾಮಾ, ಕೊನೆಗೆ ಅಲೆಪ್ಪೊ. ಸೆಪ್ಟೆಂಬರ್ 19ರಿಂದ ಅಕ್ಟೋಬರ್ 26ರವರೆಗಿನ 38 ದಿನಗಳಲ್ಲಿ ಅದು ಕ್ರಮಿಸಿದ ದಾರಿ 500 ಮೈಲಿಗಳಿಗೂ ಹೆಚ್ಚು. ಶತ್ರುವಿನ ಗುಂಡಿಗಿಂತ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಜ್ವರಗಳು ಹೆಚ್ಚು ಜನರನ್ನು ಮಲಗಿಸಿದವು. ಒಂದೊಂದು ರೆಜಿಮೆಂಟೂ ಕೃಶವಾಯಿತು. ಜ್ವರದವರು ಹಿಂದುಳಿದರು, ಅವರ ಪಾಲಿನ ಪಹರೆಯನ್ನು ಉಳಿದವರು ಹೊತ್ತುಕೊಂಡು ನಡೆದರು.

ಅಕ್ಟೋಬರ್ 25ರ ರಾತ್ರಿ ಅರಬ್ ಪಡೆಗಳು ಅಲೆಪ್ಪೊ ನಗರವನ್ನು ಹೊಕ್ಕವು. 26ರ ಬೆಳಗ್ಗೆ ನಮ್ಮ 15ನೆಯ ಬ್ರಿಗೇಡು ನಗರದ ವಾಯವ್ಯಕ್ಕೆ ಹಿಮ್ಮೆಟ್ಟುತ್ತಿದ್ದ ತುರ್ಕರ ಬೆನ್ನುಹತ್ತಿತು. ಜೊತೆಗೆ ಕವಚದ ಮೋಟಾರುಗಳಿದ್ದವು, ಆದರೆ ತೋಪುಗಳಿರಲಿಲ್ಲ. ಹರಿತಾನ್ ಎಂಬ ಹಳ್ಳಿಯ ಬಳಿ ಒಂದು ದಿಣ್ಣೆಯ ಮೇಲೆ ಶತ್ರು ನಿಂತಿದ್ದ. ಆ ಪಡೆಗಳು ಸೇರಿದ್ದು ಮುಸ್ತಫಾ ಕೆಮಾಲನ ಅಧೀನಕ್ಕೆ. ಮುಂದೆ ಆಧುನಿಕ ತುರ್ಕಿಯನ್ನು ಕಟ್ಟಿದ ಅತಾತುರ್ಕ್ ಆತನೇ.

ಕಾಣುವುದು ಚಿಕ್ಕದೊಂದು ಹಿಂಗಾವಲು ಪಡೆಯೆಂದು ತಿಳಿದು ಹಾರ್ಬರ್ಡ್ ದಾಳಿಗೆ ಆಜ್ಞೆ ಕೊಟ್ಟ. ಈ ಸಲ ಮುಂದೆ ಹೋಗುವ ಸರದಿ ಮೈಸೂರಿನವರದು. ದಿಣ್ಣೆಯನ್ನು ಪೂರ್ವದಿಂದ ಬಳಸಿ ಬಂದು ಅವರು ಭರ್ಜಿ ಚಾಚಿ ನುಗ್ಗಿದರು. ಜೋಧಪುರದವರು ಬೆಂಬಲಕ್ಕೆ ಹಿಂದೆ ಬಂದರು. ದಾಳಿ ಶತ್ರುವಿನ ನಡುವಿನವರೆಗೂ ತಲುಪಿತು. ಸುಮಾರು ಐವತ್ತು ಮಂದಿ ಭರ್ಜಿಗೆ ಸಿಕ್ಕರು, ಇಪ್ಪತ್ತು ಮಂದಿ ಸೆರೆಯಾದರು. ಆದರೆ ಅಲ್ಲಿದ್ದದ್ದು ಚಿಕ್ಕ ಪಡೆಯಲ್ಲ. ಸುಮಾರು ಮೂರು ಸಾವಿರ ಪದಾತಿಗಳು, ನಾಲ್ಕು ನೂರು ಸವಾರರು, ಫಿರಂಗಿಗಳು, ಮೆಷಿನ್ ಗನ್‌ಗಳು. ಮೈಸೂರಿನವರು ಹಿಂದಕ್ಕೆ ಸರಿದು, ಕುದುರೆಯಿಂದಿಳಿದು, ಬಂದೂಕ ಹಿಡಿದು ನಿಂತರು. ಇಡೀ ದಿನ ಆ ಸಣ್ಣ ಬ್ರಿಗೇಡು ಅಲ್ಲಿಯೇ ಕಚ್ಚಿಕೊಂಡಿತ್ತು. ರಾತ್ರಿ ಬಹಳ ಹೊತ್ತಾದ ಮೇಲೆ ಬೇರೊಂದು ಬ್ರಿಗೇಡು ನೆರವಿಗೆ ಬಂದಿತು. ಮಧ್ಯರಾತ್ರಿಯ ಹೊತ್ತಿಗೆ ತುರ್ಕರು ತಾವಾಗಿ ಹಿಮ್ಮೆಟ್ಟಿದರು.

ಬ್ರಿಗೇಡಿನಲ್ಲಿ ಸತ್ತವರು 21, ಗಾಯಗೊಂಡವರು 56, ಕಾಣೆಯಾದವರು 3. ಅಂದರೆ ಹೈಫಾಕ್ಕಿಂತ ಬಹಳ ಹೆಚ್ಚು. ಇದಾದ ನಾಲ್ಕೇ ದಿನಗಳಿಗೆ, ಅಕ್ಟೋಬರ್ 30ರಂದು, ಮುಡ್ರೋಸ್‌ನಲ್ಲಿ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿದ್ದಿತು. ನಾಲ್ಕು ವರ್ಷ ಮರಳುಗಾಡಿನಲ್ಲಿ ಬದುಕಿ ಉಳಿದವರು ಯುದ್ಧ ಮುಗಿಯಲು ನಾಲ್ಕು ದಿನವಿರುವಾಗ ಸತ್ತರು.

ಅದೇ ಬ್ರಿಗೇಡು, ಅದೇ ಸೇನಾನಿ, ಅದೇ ಭರ್ಜಿ, ಅದೇ ಧೈರ್ಯ. ಹೈಫಾದಲ್ಲಿ ಇದ್ದದ್ದು ಹರಿತಾನ್‌ನಲ್ಲಿ ಇಲ್ಲದಿದ್ದುದೇನು? ಶತ್ರುವಿನ ಬಲದ ತಿಳಿವಳಿಕೆ ಇರಲಿಲ್ಲ. ತೋಪಿನ ಬೆಂಬಲವಿರಲಿಲ್ಲ. ಹೈಫಾದಲ್ಲಿ ಮೊದಲ ದಿನದ ಕವಚದ ಮೋಟಾರುಗಳೇ ಎಚ್ಚರಿಕೆಯ ಗಂಟೆ ಬಾರಿಸಿದ್ದವು. ಇಲ್ಲಿ ಅಂಥ ಎಚ್ಚರಿಕೆಗೆ ಅವಕಾಶವಾಗಲಿಲ್ಲ. ಬಿದಿರಿನ ಭರ್ಜಿಯ ಬಲ ಎಷ್ಟು, ಮಿತಿ ಎಷ್ಟು ಎಂಬುದನ್ನು ಈ ಎರಡು ದಿನಗಳು ಒಟ್ಟಿಗೆ ನಿಂತು ಹೇಳುತ್ತವೆ. ಬ್ರಿಟಿಷ್ ಸೈನ್ಯ 1927ರಲ್ಲಿ ಭರ್ಜಿಯನ್ನು ಯುದ್ಧಾಯುಧಗಳ ಪಟ್ಟಿಯಿಂದ ತೆಗೆದು, ಕೇವಲ ಕವಾಯತಿನ ಅಲಂಕಾರಕ್ಕೆ ಉಳಿಸಿಕೊಂಡಿತು.

ನೆನಪಿನ ನ್ಯಾಯ

ಗೆಲುವಿನ ದಿನಕ್ಕೆ ಸೈನ್ಯದಲ್ಲಿ ಹೈಫಾ ದಿನವೆಂಬ ಆಚರಣೆಯಿದೆ; ಅದು ಸೆಪ್ಟೆಂಬರ್ 23. ವೃತ್ತಕ್ಕೆ ಹೆಸರಿದೆ. ಹರಿತಾನ್‌ನ ಹೆಸರು ಮಾತ್ರ ಎಲ್ಲಿಯೂ ಕೇಳಿಬರುವುದಿಲ್ಲ. ಆದರೆ ನಮ್ಮ ಮೈಸೂರಿನವರು ಎಲ್ಲರಿಗಿಂತ ಮುಂದೆ ನುಗ್ಗಿದ ದಾಳಿ, ಹೆಚ್ಚು ರಕ್ತ ಸುರಿದ ದಾಳಿ ಅದೇ. ಗೆದ್ದವರನ್ನು ನೆನೆಯುವುದಕ್ಕೆ ವಿಶೇಷವಾದ ಕೃತಜ್ಞತೆ ಬೇಕಿಲ್ಲ. ಗೆಲುವೇ ಅದನ್ನು ಮಾಡಿಕೊಳ್ಳುತ್ತದೆ. ಗೆಲುವು ಕೈಗೂಡದ ಕಡೆಯಲ್ಲಿ, ತಪ್ಪು ಅಂದಾಜಿನ ಆಜ್ಞೆಗೆ ತಲೆಬಾಗಿ, ನಿಂತು ಸತ್ತವರನ್ನು ನೆನೆಯುವುದೇ ಕೃತಜ್ಞತೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಇವರು ಹೋರಾಡಿದ್ದು ಯಾರಿಗಾಗಿ? ಪರಕೀಯರ ಸಾಮ್ರಾಜ್ಯಕ್ಕಾಗಿ ಅಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆ ಯುದ್ಧ ಭಾರತದ್ದಲ್ಲ. ಅದರ ಗುರಿಗಳನ್ನು ನಿರ್ಧರಿಸಿದವರು ಭಾರತೀಯರಲ್ಲ. ಅದರ ಲಾಭವೂ ನಮಗಾಗಲಿಲ್ಲ. ಯುದ್ಧ ಮುಗಿದ ಮರುವರ್ಷವೇ ಅಮೃತಸರದ ಜಲಿಯನ್‌ವಾಲಾ ಬಾಗ್ ನಡೆಯಿತು. ಮುಸಲ್ಮಾನ ಸವಾರರಂತೂ ಖಲೀಫನ ಸೈನ್ಯದ ವಿರುದ್ಧವೇ ಭರ್ಜಿ ಎತ್ತಬೇಕಾಗಿತ್ತು. ಅವರ ಮನಸ್ಸಿನಲ್ಲಿ ಏನಿದ್ದಿತೆಂದು ಇಂದು ಕುಳಿತು ಹೇಳುವುದು ಉದ್ಧಟತನವಾದೀತು. ನಮ್ಮ ಕೈಲಾಗುವುದು ಇಷ್ಟು: ಯುದ್ಧದ ಧ್ಯೇಯವನ್ನು ಒಪ್ಪದೆಯೂ ಯೋಧನ ದುಃಖವನ್ನು ಒಪ್ಪಿಕೊಳ್ಳುವುದು. ಮಹಾಭಾರತವನ್ನು ಕೇಳಿ ಬೆಳೆದ ನಮಗೆ ಈ ವಿವೇಕ ಹೊಸದಲ್ಲ. ಕರ್ಣ ನಿಂತ ಪಕ್ಷ ಸರಿಯೇ ಎಂದು ಕೇಳಿದ ಮೇಲೆಯೂ ನಾವು ಕರ್ಣನಿಗಾಗಿ ಅಳುತ್ತೇವೆ.

ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನು ಒಗ್ಗೂಡಿಸಿ 1953ರಲ್ಲಿ 61ನೆಯ ಕ್ಯಾವಲ್ರಿ ಎಂಬ ರೆಜಿಮೆಂಟನ್ನು ಕಟ್ಟಲಾಯಿತು. ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರಿಯ ಪರಂಪರೆ ಅದರಲ್ಲಿ ಸೇರಿಕೊಂಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್‌ನವರ ಒಂದು ಸ್ಮಾರಕಸ್ತಂಭವಿದೆ. ರಜೆಗೆ ಊರಿಗೆ ಹೋದಾಗ ದೇವಸ್ಥಾನ, ಸೀರೆ ಅಂಗಡಿಗಳ ನಡುವೆ ಅದಕ್ಕೂ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವುದು ಕಷ್ಟವೇನಲ್ಲ.

ಕೊನೆಯದಾಗಿ ಸಂಘಕ್ಕೆ ಎರಡು ಸಲಹೆಗಳು. ರಾಜ್ಯೋತ್ಸವಕ್ಕೆ ಕೆಲವೇ ದಿನಗಳ ಮುಂಚೆ ಅಕ್ಟೋಬರ್ 26 ಬರುತ್ತದೆ. ನಾಟಕದ ತಾಲೀಮು, ಊಟದ ಏರ್ಪಾಡುಗಳ ಗಡಿಬಿಡಿ ಇದ್ದೇ ಇರುತ್ತದೆ. ಆದರೂ ಆ ದಿನ ಸಂಜೆ ನಾಲ್ಕಾರು ಮಂದಿ, ಮಕ್ಕಳನ್ನು ಕರೆದುಕೊಂಡು, ತೀನ್ ಮೂರ್ತಿಯ ಬಳಿ ಹೋಗಿ ಒಂದು ಹಾರವಿಟ್ಟು, ಹರಿತಾನ್‌ನ ಹೆಸರನ್ನು ಒಂದು ಸಲ ಕನ್ನಡದಲ್ಲಿ ಉಚ್ಚರಿಸಿ ಬರಬಹುದು. ಎರಡನೆಯದಾಗಿ, ನಮ್ಮ ಸದಸ್ಯರ ಮನೆತನಗಳಲ್ಲಿ ಯಾರಾದರೂ ಲ್ಯಾನ್ಸರ್ಸ್‌ನಲ್ಲಿದ್ದರೆ, ಅವರ ಪದಕ, ಪತ್ರ, ಭಾವಚಿತ್ರಗಳು ಟ್ರಂಕಿನ ತಳದಲ್ಲಿದ್ದರೆ, ಅವುಗಳ ಪ್ರತಿ ಮಾಡಿಸಿ ಸಂಘದಲ್ಲಿ ಇಡೋಣ. ಸೇನಾನಿಗಳ ವರದಿಗಳು ಸರ್ಕಾರದ ದಫ್ತರಗಳಲ್ಲಿ ಭದ್ರವಾಗಿವೆ. ಸವಾರರ ಮಾತು ಉಳಿದಿದ್ದರೆ ಮನೆಗಳಲ್ಲಿ ಮಾತ್ರ ಉಳಿದಿರಬೇಕು. ಅದನ್ನು ಕಳೆದುಕೊಳ್ಳುವ ಮೊದಲು ಹುಡುಕಬೇಕು.